ಪ್ರಾಥಮಿಕ ಶಾಲೆಗಳಲ್ಲಿ ಪುರುಷ ಶಿಕ್ಷಕರು: ಪೋಷಕರು ಹಾಗೂ ಅಭ್ಯರ್ಥಿಗಳಿಗೆ ಮಾಹಿತಿ

ರಾಜ್ಯದಲ್ಲಿ 1ರಿಂದ 8ನೇ ತರಗತಿಯವರೆಗಿನ ಶಿಕ್ಷಣವನ್ನು ಪ್ರಾಥಮಿಕ ಶಿಕ್ಷಣವೆಂದು ಪರಿಗಣಿಸಲಾಗಿದೆ. ಅದಕ್ಕೂ ಮೊದಲು ಮಗುವು ಅಂಗನವಾಡಿ ಕೇಂದ್ರಕ್ಕೆ ಹೋಗಿ ಬಂದಿರುತ್ತದೆ. 1975ರಲ್ಲಿ ಪ್ರಾರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ವಯ ಅಂಗನವಾಡಿಯ ಕಾರ್ಯಕರ್ತೆ ಹಾಗೂ ಸಹಾಯಕಿ ಇಬ್ಬರೂ ಮಹಿಳೆಯರೇ ಆಗಿರುವುದರಿಂದ, ಅಂತಹ ಮಗುವಿಗೆ ಪಾಠ ಹೇಳುವ ಮೊದಲ ಪುರುಷನು ಸಾಮಾನ್ಯವಾಗಿ ಪ್ರಾಥಮಿಕ ಶಾಲೆಯ ಶಿಕ್ಷಕನೇ ಆಗಿರುತ್ತಾನೆ. ಆದ್ದರಿಂದ ಒಂದನೇ ತರಗತಿಗೆ ಪುರುಷ ಶಿಕ್ಷಕರನ್ನು ನಿಯೋಜಿಸಿದಾಗ ಕೆಲವು ಪೋಷಕರಲ್ಲಿ ಆತಂಕ ಮೂಡುವುದುಂಟು. ಮತ್ತೊಂದೆಡೆ, ಕೆಳ ತರಗತಿಗಳ ಹುದ್ದೆಗಳು ಮಹಿಳೆಯರಿಗಷ್ಟೇ ಮೀಸಲು ಎಂಬ ತಪ್ಪು ತಿಳಿವಳಿಕೆಯಿಂದ ಅರ್ಹ ಪುರುಷ ಅಭ್ಯರ್ಥಿಗಳು ಹಿಂದೆ ಸರಿಯುವುದೂ ಉಂಟು. ಈ ಎರಡೂ ವಿಷಯಗಳಲ್ಲಿ ವಸ್ತುಸ್ಥಿತಿಯನ್ನು ಇಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

ಕೂಲಿಮಠಗಳ ಐಗಳ ಕಾಲದಿಂದಲೂ ಕನ್ನಡ ನಾಡಿನಲ್ಲಿ ಅಕ್ಷರ ಕಲಿಸುವ ಕೆಲಸವು ಬಹುಮಟ್ಟಿಗೆ ಪುರುಷರದೇ ಆಗಿತ್ತು. ಹಳ್ಳಿಯಲ್ಲಿ 'ಮೇಷ್ಟ್ರು' ಎಂದರೆ ಗಂಡಸೆಂದೇ ಅರ್ಥ. ಹೆಣ್ಣುಮಕ್ಕಳು ಶಾಲೆಯಿಂದ ದೂರ ಉಳಿಯಲು ಇದೂ ಒಂದು ಕಾರಣವೆಂದು ಮನಗಂಡು, 1986ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರತಿ ಶಾಲೆಯಲ್ಲಿ ಕನಿಷ್ಠ ಇಬ್ಬರು ಶಿಕ್ಷಕರಿರಬೇಕು, ಅವರಲ್ಲಿ ಒಬ್ಬರು ಮಹಿಳೆಯಾಗಿರಬೇಕು ಎಂದು ಸೂಚಿಸಿತು. ತರುವಾಯ ಸರ್ವ ಶಿಕ್ಷಣ ಅಭಿಯಾನದಡಿ ಹೊಸದಾಗಿ ನೇಮಕವಾಗುವ ಶಿಕ್ಷಕರಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರಿರಬೇಕೆಂದು ನಿಗದಿಪಡಿಸಲಾಯಿತು. ಇದರ ಫಲವಾಗಿ ಪರಿಸ್ಥಿತಿ ಬದಲಾಗಿದೆ. ಎಲ್ಲ ಹಂತದ ಶಾಲೆಗಳನ್ನು ಒಟ್ಟಾಗಿ ತೆಗೆದುಕೊಂಡರೆ, ಕೇಂದ್ರ ಶಿಕ್ಷಣ ಸಚಿವಾಲಯದ 2019-20ನೇ ಸಾಲಿನ ಅಂಕಿಅಂಶಗಳಲ್ಲಿ ದೇಶದ ಮಹಿಳಾ ಶಿಕ್ಷಕರ ಸಂಖ್ಯೆಯು ಪುರುಷರ ಸಂಖ್ಯೆಯನ್ನು ಮೀರಿತ್ತು. 2024-25ರಲ್ಲಿ ಅವರ ಪ್ರಮಾಣ ಶೇ. 54.2ರಷ್ಟಿತ್ತು.

ನೇಮಕಾತಿ

ಮಹಿಳೆಯರಿಗೆ ನಿಗದಿಪಡಿಸಿದ ಪ್ರಮಾಣವು ಕನಿಷ್ಠ ಮಿತಿಯೇ ಹೊರತು, ಪುರುಷರನ್ನು ಕೆಳ ತರಗತಿಗಳಿಂದ ಹೊರಗಿಡುವ ನಿಯಮವಲ್ಲ. ಇದು ಸಮತಲ ಮೀಸಲಾತಿಯಾಗಿದ್ದು, ಪ್ರತಿ ವರ್ಗದೊಳಗೆ ಪ್ರತ್ಯೇಕವಾಗಿ ಅನ್ವಯವಾಗುತ್ತದೆ. ಉಳಿದ ಹುದ್ದೆಗಳು ಪುರುಷರಿಗೆ ಮೀಸಲಾದವು ಎಂದು ಭಾವಿಸುವುದೂ ಅಷ್ಟೇ ತಪ್ಪು. ಅವುಗಳಿಗೆ ಆಯ್ಕೆಯು ಅರ್ಹತೆಯ ಕ್ರಮದಲ್ಲಿಯೇ ನಡೆಯುತ್ತದೆ.

1ರಿಂದ 5ನೇ ತರಗತಿಯ ಹುದ್ದೆಗೆ ಪದವಿಪೂರ್ವ ಶಿಕ್ಷಣದೊಂದಿಗೆ ಎರಡು ವರ್ಷಗಳ ಡಿ.ಎಲ್.ಇಡಿ. ತರಬೇತಿ (ಹಿಂದಿನ ಟಿ.ಸಿ.ಎಚ್.) ಹಾಗೂ ಶಿಕ್ಷಕರ ಅರ್ಹತಾ ಪರೀಕ್ಷೆಯ ಮೊದಲನೇ ಪತ್ರಿಕೆಯಲ್ಲಿ ತೇರ್ಗಡೆ ಅವಶ್ಯಕ. ಸದರಿ ಪರೀಕ್ಷೆಯ 150 ಅಂಕಗಳಿಗೆ ಸಾಮಾನ್ಯ ವರ್ಗದವರು ಕನಿಷ್ಠ 90 ಅಂಕ ಪಡೆಯಬೇಕು. ಕೇವಲ ಬಿ.ಇಡಿ. ಪದವಿಯು ಈ ಹಂತಕ್ಕೆ ಸಾಲದೆಂದು ಸರ್ವೋಚ್ಚ ನ್ಯಾಯಾಲಯವು ಆಗಸ್ಟ್ 2023ರಲ್ಲಿ ತೀರ್ಪು ನೀಡಿದೆ. ಬಿ.ಇಡಿ. ಮುಗಿಸಿದ ಅಭ್ಯರ್ಥಿಗಳು ಅರ್ಜಿ ಶುಲ್ಕ ಪಾವತಿಸುವ ಮುನ್ನ ಈ ಅಂಶವನ್ನು ಗಮನಿಸುವುದು ಒಳಿತು.

ತರಗತಿ ಹಂಚಿಕೆ

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ, 2009ರ ಅನುಸೂಚಿಯು ಶಿಕ್ಷಕರ ಸಂಖ್ಯೆಯನ್ನು ನಿಗದಿಪಡಿಸುತ್ತದೆಯೇ ವಿನಾ ಅವರು ಪುರುಷರೋ ಮಹಿಳೆಯರೋ ಎಂಬುದನ್ನಲ್ಲ. 1ರಿಂದ 5ನೇ ತರಗತಿಯಲ್ಲಿ 60ರವರೆಗೆ ಮಕ್ಕಳಿದ್ದರೆ ಇಬ್ಬರು ಶಿಕ್ಷಕರು. ಸಣ್ಣ ಊರಿನ ಶಾಲೆಯಲ್ಲಿ ಆ ಇಬ್ಬರೂ ಪುರುಷರಾಗಿರಬಹುದು. ಆದ್ದರಿಂದ ಮಹಿಳಾ ಶಿಕ್ಷಕರೇ ಬೇಕೆಂಬ ಬೇಡಿಕೆಯನ್ನು ಹಕ್ಕಾಗಿ ಮಂಡಿಸಲು ಈ ಕಾಯ್ದೆಯಲ್ಲಿ ಆಧಾರವಿಲ್ಲ. ಕೋರಿಕೆ ಸಲ್ಲಿಸಲು ಅಡ್ಡಿಯೂ ಇಲ್ಲ.

ಚಿಕ್ಕ ಮಕ್ಕಳನ್ನು ಸಂಭಾಳಿಸುವುದು ಗಂಡಸರಿಂದ ಆಗದ ಕೆಲಸ ಎಂಬ ಮಾತು ಪದೇ ಪದೇ ಕೇಳಿಬರುತ್ತದೆ. 'ನಲಿ-ಕಲಿ'ಯ ಅನುಭವ ಇದನ್ನು ಒಪ್ಪುವುದಿಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಆರಂಭವಾದ ಈ ಪದ್ಧತಿಯನ್ನು ಆಂಧ್ರಪ್ರದೇಶದ ರಿಷಿ ವ್ಯಾಲಿಯ ಪ್ರಯೋಗದಿಂದ ಪ್ರೇರಿತರಾಗಿ ಸರ್ಕಾರಿ ಶಾಲೆಗಳ ಶಿಕ್ಷಕರೇ ರೂಪಿಸಿದರು; 2009-10ರಿಂದ ಅದು ರಾಜ್ಯಾದ್ಯಂತ ವಿಸ್ತರಿಸಿತು. ಇದರಲ್ಲಿ ಶಿಕ್ಷಕರು ಕುರ್ಚಿ ಬಿಟ್ಟು ಮಕ್ಕಳೊಡನೆ ನೆಲದ ಮೇಲೆ ಕುಳಿತು, ಹಾಡಿ, ಕುಣಿದು, ಕಾರ್ಡುಗಳ ಮೂಲಕ ಪಾಠ ಮಾಡಬೇಕಾಗುತ್ತದೆ. ಮಕ್ಕಳು ಕಲಿಕೆಯ ಮಟ್ಟಕ್ಕೆ ತಕ್ಕಂತೆ ಐದು 'ತಟ್ಟೆ'ಗಳಲ್ಲಿ ಕುಳಿತು ಕಲಿಯುತ್ತಾರೆ. ಪುರುಷ ಶಿಕ್ಷಕರಿಗೂ ಇದೇ ತರಬೇತಿ, ಇದೇ ಕೆಲಸ. ಮನೆಯಲ್ಲಿ ತಂದೆಯ ಬಳಿ ಕುಳಿತು ಹಾಡು ಹೇಳಿಸಿಕೊಂಡಿರದ ಮಗುವಿಗೆ ಇದು ಸಣ್ಣ ಸಂಗತಿಯಲ್ಲ.

ವಾಸ್ತವವಾಗಿ ತೊಡಕಿರುವುದು ಬೇರೆಡೆ. ಅಕ್ಷರ ದಾಸೋಹದ ಪಡಿತರ ತರುವುದು, ಬ್ಯಾಂಕಿಗೆ ಹೋಗುವುದು, ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಮಾಹಿತಿ ತಲುಪಿಸುವುದು ಇತ್ಯಾದಿ ಹೊರಗಿನ ಕೆಲಸಗಳು ಅನೇಕ ಶಾಲೆಗಳಲ್ಲಿ ರೂಢಿಯಿಂದ ಪುರುಷ ಶಿಕ್ಷಕರ ಪಾಲಿಗೇ ಬರುತ್ತವೆ. ಒಂದನೇ ತರಗತಿಯು ರೂಢಿಯಿಂದಲೇ ಮಹಿಳಾ ಶಿಕ್ಷಕರ ಪಾಲಿಗೆ ಬರುತ್ತದೆ. ಹೀಗೆ ಹಂಚಿಕೊಳ್ಳಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಎಲ್ಲಿಯೂ ಹೇಳಿಲ್ಲ. ಶಿಕ್ಷಕರನ್ನು ದಶವಾರ್ಷಿಕ ಜನಗಣತಿ, ವಿಪತ್ತು ಪರಿಹಾರ ಹಾಗೂ ಚುನಾವಣೆಯ ಹೊರತು ಶಿಕ್ಷಣೇತರ ಕಾರ್ಯಗಳಿಗೆ ನಿಯೋಜಿಸಬಾರದೆಂದು ಕಾಯ್ದೆಯ 27ನೇ ಪ್ರಕರಣವು ಸ್ಪಷ್ಟವಾಗಿ ಹೇಳುತ್ತದೆ. ಇಬ್ಬರು ಶಿಕ್ಷಕರ ಶಾಲೆಯಲ್ಲಿ ಒಬ್ಬರು ಹೊರಟು ನಿಂತರೆ ಐದು ತರಗತಿಗಳೂ ಉಳಿದೊಬ್ಬರ ಕೈಯಲ್ಲಿರುತ್ತವೆ. ಇಂತಹ ಗೈರುಹಾಜರಿ ಪದೇ ಪದೇ ಕಂಡುಬಂದಲ್ಲಿ ಪೋಷಕರು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ವಿಷಯವನ್ನು ಪ್ರಸ್ತಾಪಿಸಬಹುದು.

ಹೆಣ್ಣುಮಕ್ಕಳ ವಿಷಯದಲ್ಲಿ ಮಾತ್ರ ವಿಶೇಷ ಗಮನ ಬೇಕು. ಅವಿಭಜಿತ ಆಂಧ್ರಪ್ರದೇಶದ ಗ್ರಾಮೀಣ ಸರ್ಕಾರಿ ಶಾಲೆಗಳ ಬಗ್ಗೆ ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ಕೇತಕಿ ಶೇಠ್ ಅವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಮಹಿಳಾ ಶಿಕ್ಷಕರಿದ್ದ ತರಗತಿಗಳಲ್ಲಿ ಹುಡುಗಿಯರ ಕಲಿಕೆ ಉತ್ತಮವಾಗಿತ್ತು, ಹುಡುಗರಿಗೂ ಅದರಿಂದ ನಷ್ಟವಾಗಿರಲಿಲ್ಲ. ಪುರುಷ ಶಿಕ್ಷಕರು ಬೇಡವೆಂದು ಇದರ ಅರ್ಥವಲ್ಲ. ಪ್ರಶ್ನೆ ಕೇಳುವಾಗ, ಗುಂಪಿಗೆ ಮುಖಂಡರನ್ನು ನೇಮಿಸುವಾಗ, ಆಟದ ಬಯಲಿನಲ್ಲಿ ಹುಡುಗಿಯರು ಹಿಂದೆ ಬೀಳದಂತೆ ಅವರು ನೋಡಿಕೊಳ್ಳಬೇಕಾಗುತ್ತದೆ. ಪುರುಷರಷ್ಟೇ ಇರುವ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಹುಡುಗಿಯರು ಆರೋಗ್ಯದ ವಿಷಯಗಳನ್ನು ಹೇಳಿಕೊಳ್ಳಲು ಸಂಕೋಚಪಡುವುದು ಸಹಜ. ಇದಕ್ಕಾಗಿ ಸಮಿತಿಯ ತಾಯಂದಿರ ಅಥವಾ ಆಶಾ ಕಾರ್ಯಕರ್ತೆಯರ ನೆರವು ಪಡೆಯಬಹುದು.

ಶಿಸ್ತು

'ಗಂಡು ಮೇಷ್ಟ್ರಿದ್ದರೆ ಮಕ್ಕಳಿಗೆ ಹೆದರಿಕೆ ಇರುತ್ತದೆ' ಎಂಬುದು ಪುರುಷ ಶಿಕ್ಷಕರ ಪರವಾಗಿ ಪೋಷಕರು ಹೇಳುವ ಮಾತು. ನಾಲ್ಕು ಬಿಡಿ ಎಂದು ತಾವೇ ಹೇಳಿ ಹೋಗುವವರೂ ಇದ್ದಾರೆ. ಕಾಯ್ದೆಯ 17ನೇ ಪ್ರಕರಣವು ದೈಹಿಕ ಶಿಕ್ಷೆ ಹಾಗೂ ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ. ಪೋಷಕರ ಒಪ್ಪಿಗೆಯಿಂದ ಈ ನಿಷೇಧ ಸಡಿಲವಾಗುವುದಿಲ್ಲ.

ಮಕ್ಕಳ ರಕ್ಷಣೆ ಮತ್ತು ದೂರು

ಬೋಧನೆ, ಹಾಜರಾತಿ ಅಥವಾ ವರ್ತನೆಗೆ ಸಂಬಂಧಿಸಿದ ದೂರುಗಳನ್ನು ಮೊದಲು ಮುಖ್ಯ ಶಿಕ್ಷಕರಿಗೆ, ಪರಿಹಾರ ದೊರೆಯದಿದ್ದಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ, ನಂತರ ಜಿಲ್ಲಾ ಉಪನಿರ್ದೇಶಕರಿಗೆ ಲಿಖಿತವಾಗಿ ಸಲ್ಲಿಸಿ ಸ್ವೀಕೃತಿ ಪಡೆಯತಕ್ಕದ್ದು.

ಲೈಂಗಿಕ ಕಿರುಕುಳದ ಸಂಶಯವಿದ್ದಲ್ಲಿ ಈ ಕ್ರಮ ಅನ್ವಯಿಸುವುದಿಲ್ಲ. ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣಾ ಕಾಯ್ದೆ, 2012ರ (ಪೋಕ್ಸೋ) 19ನೇ ಪ್ರಕರಣದಂತೆ ವಿಷಯ ತಿಳಿದ ಪ್ರತಿಯೊಬ್ಬರೂ ಪೊಲೀಸರಿಗೆ ಅಥವಾ ವಿಶೇಷ ಬಾಲಾಪರಾಧಿ ಪೊಲೀಸ್ ಘಟಕಕ್ಕೆ ನೇರವಾಗಿ ಮಾಹಿತಿ ನೀಡಬೇಕು. ತಮ್ಮ ಅಧೀನ ಸಿಬ್ಬಂದಿಯ ಕೃತ್ಯವನ್ನು ವರದಿ ಮಾಡದ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದಾಗಿದೆ. ಊರಿನ ಹಿರಿಯರ ಸಮ್ಮುಖದಲ್ಲಿ ರಾಜಿ ಮಾಡಿಕೊಳ್ಳಲು ಅಥವಾ ವರ್ಗಾವಣೆ ಮಾಡಿಸಿ ಕೈತೊಳೆದುಕೊಳ್ಳಲು ಅವಕಾಶವಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ದಿನದ ಯಾವ ವೇಳೆಯಲ್ಲಾದರೂ ಉಚಿತವಾಗಿ ಕರೆ ಮಾಡಬಹುದು. ಮಗುವೇ ಕರೆ ಮಾಡಿದರೂ ನಡೆಯುತ್ತದೆ.