ವೈರ್‌ಲೆಸ್ ಮೌಸ್: ಲ್ಯಾಪ್‌ಟಾಪ್ ಬಳಕೆಗೆ ಆಯ್ಕೆ

ಕೈಯ ಚಲನೆಯನ್ನೂ ಗುಂಡಿಗಳ ಒತ್ತುವಿಕೆಯನ್ನೂ ತಂತಿಯ ನೆರವಿಲ್ಲದೆ ರೇಡಿಯೊ ತರಂಗಗಳ ಮೂಲಕ ಕಂಪ್ಯೂಟರಿಗೆ ತಲುಪಿಸುವ ಸಾಧನವೇ ವೈರ್‌ಲೆಸ್ ಮೌಸ್. ಲ್ಯಾಪ್‌ಟಾಪಿನಲ್ಲಿ ಟಚ್‌ಪ್ಯಾಡ್ ಇದ್ದೇ ಇರುತ್ತದೆ. ಆದರೂ ಪುಟವಿನ್ಯಾಸ, ಲೆಕ್ಕದ ಹಾಳೆ, ಚಿತ್ರ ತಿದ್ದುವಿಕೆಯಂಥ ಕೆಲಸಗಳಲ್ಲಿ ಗಂಟೆಗಟ್ಟಲೆ ತೊಡಗುವವರಿಗೆ ಪ್ರತ್ಯೇಕ ಮೌಸ್ ಬೇಕಾಗುತ್ತದೆ. ಅದರ ಆಯ್ಕೆಯಲ್ಲಿ ನೋಡಬೇಕಾದ ಅಂಶಗಳು ಮುಖ್ಯವಾಗಿ ನಾಲ್ಕು: ಸಂಪರ್ಕದ ಬಗೆ, ಆಕಾರ, ವಿದ್ಯುತ್ ಮೂಲ, ಸೆನ್ಸರ್. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗುವ ಡಿಪಿಐ, ಅಂದರೆ ಸೆನ್ಸರಿನ ಸೂಕ್ಷ್ಮತೆಯ ಅಂಕಿಗೆ ಸಾಮಾನ್ಯ ಬಳಕೆದಾರನ ಮಟ್ಟಿಗೆ ಇವುಗಳಲ್ಲಿ ಕೊನೆಯ ಸ್ಥಾನ.

ಹಿನ್ನೆಲೆ

ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಡಗ್ಲಸ್ ಎಂಗೆಲ್ಬರ್ಟ್ ರೂಪಿಸಿದ ಕಲ್ಪನೆಯಂತೆ ಬಿಲ್ ಇಂಗ್ಲಿಷ್ 1964ರಲ್ಲಿ ಮೊದಲ ಮೌಸ್ ಕಟ್ಟಿದರು. ಮರದ ಪುಟ್ಟ ಡಬ್ಬಿಯ ಅಡಿಯಲ್ಲಿ ಪರಸ್ಪರ ಲಂಬವಾಗಿ ಕೂರಿಸಿದ ಎರಡು ಚಕ್ರಗಳು ಅದರಲ್ಲಿದ್ದವು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅದರ ಸಾರ್ವಜನಿಕ ಪ್ರದರ್ಶನ ನಡೆಯಿತು. 1970ರಲ್ಲಿ ಪೇಟೆಂಟ್ ದೊರೆಯಿತು. 1984ರಲ್ಲಿ ಆಪಲ್ ಮ್ಯಾಕಿಂಟೋಷ್ ಬಂದ ಮೇಲೆ ಮೌಸ್ ಜನಸಾಮಾನ್ಯರಿಗೂ ಪರಿಚಿತವಾಯಿತು.

ತಂತಿಯನ್ನು ಕಳಚುವ ಮೊದಲ ಯತ್ನಗಳು ಅವಕೆಂಪು ಕಿರಣಗಳನ್ನು ನೆಚ್ಚಿದ್ದವು. ಮೌಸಿಗೂ ಗ್ರಾಹಕಕ್ಕೂ ನಡುವೆ ಏನಾದರೂ ಅಡ್ಡ ಬಂದರೆ ಸಂಕೇತ ಕಡಿದುಹೋಗುತ್ತಿತ್ತು. 1991ರಲ್ಲಿ ಲಾಜಿಟೆಕ್ ಸಂಸ್ಥೆ ರೇಡಿಯೊ ತರಂಗ ಬಳಸುವ ಮೌಸನ್ನು ಮಾರುಕಟ್ಟೆಗೆ ತಂದಾಗ ಈ ತೊಡಕು ನೀಗಿತು. ಅನಂತರ ಕೆಲಕಾಲ 27 ಮೆಗಾಹರ್ಟ್ಸ್ ತರಂಗ ಬಳಸುವ ಮಾದರಿಗಳು ಚಾಲ್ತಿಯಲ್ಲಿದ್ದವು. ಅವುಗಳ ವ್ಯಾಪ್ತಿ ಮೇಜಿನಷ್ಟೇ. ಇಂದಿನ ಬಹುತೇಕ ಎಲ್ಲ ಮಾದರಿಗಳೂ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಕೆಲಸ ಮಾಡುತ್ತವೆ. ವ್ಯಾಪ್ತಿ ಸುಮಾರು 10 ಮೀಟರ್.

ಸಂಪರ್ಕದ ಬಗೆಗಳು

ಇಂದು ಬಳಕೆಯಲ್ಲಿರುವುದು ಎರಡು ಬಗೆ: ಯುಎಸ್‌ಬಿ ಡಾಂಗಲ್ ಮತ್ತು ಬ್ಲೂಟೂತ್. ಎರಡೂ ಒಂದೇ ತರಂಗಪಟ್ಟಿಯವು, ಬಳಸುವ ನಿಯಮಾವಳಿ ಮಾತ್ರ ಬೇರೆ.

ಡಾಂಗಲ್ ಎಂಬುದು ಉಗುರಿನಷ್ಟು ಗಾತ್ರದ ಗ್ರಾಹಕ. ಯುಎಸ್‌ಬಿ ಕಿಂಡಿಗೆ ಸಿಕ್ಕಿಸಿದರೆ ಸಾಕು, ಬೇರೆ ಜೋಡಣೆ ಬೇಕಿಲ್ಲ. ಆಪರೇಟಿಂಗ್ ಸಿಸ್ಟಂ ಏಳುವ ಮೊದಲೇ ಕೆಲಸಕ್ಕೆ ಸಿದ್ಧವಾಗುವುದರಿಂದ ಬಯೋಸ್ ಪರದೆಯಲ್ಲಿ ಅಥವಾ ವಿಂಡೋಸ್ ಹೊಸದಾಗಿ ಹಾಕುವಾಗ ಇದು ಅನುಕೂಲ. ಕೊರತೆಗಳೂ ಇವೆ. ಒಂದು ಕಿಂಡಿ ಸದಾ ಇದಕ್ಕೇ ಮೀಸಲು. ಯುಎಸ್‌ಬಿ-ಸಿ ಕಿಂಡಿಗಳು ಮಾತ್ರ ಇರುವ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯ ಡಾಂಗಲ್ ಕೂರುವುದಿಲ್ಲ; ಅಡಾಪ್ಟರ್ ಬೇಕಾಗುತ್ತದೆ. ಡಾಂಗಲ್ ಕಳೆದುಹೋದರೆ ಅಗ್ಗದ ಮಾದರಿಗಳಲ್ಲಿ ಮೌಸೇ ನಿರುಪಯೋಗಿ, ಏಕೆಂದರೆ ಕಾರ್ಖಾನೆಯಲ್ಲಿ ಜೋಡಿಯಾದ ಡಾಂಗಲ್‌ಗೆ ಬದಲಿ ಸಿಗುವುದು ಅಪರೂಪ. ಲಾಜಿಟೆಕ್ 2009ರಲ್ಲಿ ತಂದ ‘ಯೂನಿಫೈಯಿಂಗ್’ ಗ್ರಾಹಕದಂಥವು ಇದಕ್ಕೆ ಅಪವಾದ. ಅದೊಂದಕ್ಕೇ ಆರು ಸಾಧನಗಳನ್ನು ಜೋಡಿಸಬಹುದು, ಕಳೆದರೆ ಹೊಸದನ್ನು ಕೊಂಡು ಮತ್ತೆ ಜೋಡಿಸಿಕೊಳ್ಳಬಹುದು.

ಬ್ಲೂಟೂತ್ ಮೌಸಿಗೆ ಕಿಂಡಿ ಬೇಡ. ಲ್ಯಾಪ್‌ಟಾಪ್, ಟ್ಯಾಬ್, ಫೋನ್ ಮೂರಕ್ಕೂ ಒಂದೇ ಮೌಸನ್ನು ಗುಂಡಿಯೊತ್ತಿ ಬದಲಾಯಿಸಿಕೊಳ್ಳುವ ಮಾದರಿಗಳಿವೆ. ಬ್ಲೂಟೂತ್ 4.0 ಆವೃತ್ತಿಯೊಂದಿಗೆ 2010ರಲ್ಲಿ ಬಂದ ಕಡಿಮೆ ವಿದ್ಯುತ್ತಿನ ವಿಧಾನದಿಂದಾಗಿ ಸೆಲ್ ಬೇಗ ಮುಗಿಯುತ್ತದೆಂಬ ಹಳೆಯ ದೂರು ಬಹುಮಟ್ಟಿಗೆ ಇಲ್ಲವಾಗಿದೆ. ಆದರೆ ಕೆಲಹೊತ್ತು ಸುಮ್ಮನಿದ್ದು ಮತ್ತೆ ಅಲುಗಾಡಿಸಿದಾಗ ಸಂಪರ್ಕ ಮರಳಲು ಅರೆಕ್ಷಣ ಹಿಡಿಯುವುದುಂಟು. ಆಪರೇಟಿಂಗ್ ಸಿಸ್ಟಂ ಏಳುವವರೆಗೆ ಸಾಮಾನ್ಯವಾಗಿ ಇದು ಕೆಲಸ ಮಾಡುವುದಿಲ್ಲ. ಎರಡೂ ಬಗೆಯ ಸಂಪರ್ಕವನ್ನು ಒಟ್ಟಿಗೆ ಒದಗಿಸುವ ಮೌಸ್‌ಗಳೂ ಸಿಗುತ್ತವೆ.

ಅಡಚಣೆ ಮತ್ತು ಸುರಕ್ಷತೆ

ವೈಫೈ, ಬ್ಲೂಟೂತ್ ಇಯರ್‌ಫೋನ್, ಮೈಕ್ರೊವೇವ್ ಒಲೆ ಎಲ್ಲವೂ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲೇ ಇರುವುದರಿಂದ ಕೆಲವೊಮ್ಮೆ ಬಾಣದ ಗುರುತು ತಡವರಿಸುತ್ತದೆ. ಹೆಚ್ಚಿನವರ ಗಮನಕ್ಕೆ ಬಾರದ ಇನ್ನೊಂದು ಕಾರಣ ಯುಎಸ್‌ಬಿ 3.0. ಈ ಕಿಂಡಿ ಮತ್ತು ಅದರ ಕೇಬಲ್ ಇದೇ ಪಟ್ಟಿಯಲ್ಲಿ ರೇಡಿಯೊ ಗದ್ದಲ ಹೊಮ್ಮಿಸುತ್ತವೆ ಎಂಬುದನ್ನು ಇಂಟೆಲ್ 2012ರಲ್ಲಿ ಪ್ರಕಟಿಸಿದ ವರದಿ ತೋರಿಸಿತು. ಹೊರಗಿನ ಹಾರ್ಡ್‌ಡಿಸ್ಕಿಗೆ ಕಡತಗಳನ್ನು ನಕಲಿಸುತ್ತಿರುವಾಗ ಪಕ್ಕದ ಕಿಂಡಿಯಲ್ಲಿರುವ ಡಾಂಗಲ್ ಸಂಕೇತ ಕಳೆದುಕೊಂಡು, ಬಾಣ ತಟ್ಟನೆ ನಿಂತು ಜಿಗಿಯುವುದು ಇದರಿಂದಲೇ. ಡಾಂಗಲನ್ನು ಇನ್ನೊಂದು ಬದಿಯ ಕಿಂಡಿಗೆ ಸರಿಸಿದರೆ, ಅಥವಾ ಗಿಡ್ಡ ಎಕ್ಸ್‌ಟೆನ್ಷನ್ ಕೇಬಲ್ ಬಳಸಿದರೆ ತೊಂದರೆ ಬಹುಪಾಲು ತೊಲಗುತ್ತದೆ.

2016ರಲ್ಲಿ ಬ್ಯಾಸ್ಟಿಲ್ ಎಂಬ ಅಮೆರಿಕದ ಭದ್ರತಾ ಸಂಸ್ಥೆ ‘ಮೌಸ್‌ಜ್ಯಾಕ್’ ಹೆಸರಿನ ದೋಷವನ್ನು ಬಯಲಿಗೆಳೆಯಿತು. ಹಲವು ತಯಾರಕರ ಡಾಂಗಲ್‌ಗಳು ಗೂಢಲಿಪೀಕರಣವಿಲ್ಲದ ಸಂಕೇತಗಳನ್ನೂ ಒಪ್ಪಿಕೊಳ್ಳುತ್ತಿದ್ದವು; ದೂರದಲ್ಲಿ ಕುಳಿತವರು ಕೀಲಿಮಣೆಯಿಂದ ಬಂದಂತೆ ತೋರುವ ಆದೇಶಗಳನ್ನು ಅವುಗಳಿಗೆ ಕಳಿಸಬಹುದಾಗಿತ್ತು. ಬಳಿಕ ಕೆಲವು ತಯಾರಕರು ಫರ್ಮ್‌ವೇರ್ ತಿದ್ದುಪಡಿ ಬಿಡುಗಡೆ ಮಾಡಿದರು. ಹೆಸರಿಲ್ಲದ ತಯಾರಕರ ಮೌಸ್‌ಗಳಿಗೆ ಇಂಥ ತಿದ್ದುಪಡಿ ಸಿಗುವ ಭರವಸೆ ಕಡಿಮೆ. ಆದುದರಿಂದ ಕಚೇರಿಯ ಗೌಪ್ಯ ಕೆಲಸಕ್ಕೆ ಬ್ಲೂಟೂತ್ ಅಥವಾ ಗೂಢಲಿಪೀಕರಣದ ಉಲ್ಲೇಖವಿರುವ ಡಾಂಗಲ್ ಲೇಸು.

ಸೆನ್ಸರ್

ಮೌಸನ್ನು ಮಗುಚಿ ನೋಡಿದರೆ ನಡುವೆ ಸಣ್ಣ ರಂಧ್ರ, ಅದರೊಳಗೆ ಮಸೂರ, ಪಕ್ಕದಲ್ಲಿ ಆನ್-ಆಫ್ ಸ್ವಿಚ್, ಸಂಪರ್ಕದ ಗುಂಡಿ, ಜಾರಲು ನೆರವಾಗುವ ನುಣುಪು ಪಟ್ಟಿಗಳು ಕಾಣುತ್ತವೆ. ರಂಧ್ರದೊಳಗಿನ ಪುಟ್ಟ ಕ್ಯಾಮೆರಾ ಮೇಜಿನ ಮೇಲ್ಮೈಯನ್ನು ಸೆಕೆಂಡಿಗೆ ಸಾವಿರಾರು ಬಾರಿ ಸೆರೆಹಿಡಿದು, ಒಂದು ಚಿತ್ರಕ್ಕೂ ಮುಂದಿನದಕ್ಕೂ ಇರುವ ವ್ಯತ್ಯಾಸದಿಂದ ಚಲನೆಯನ್ನು ಲೆಕ್ಕ ಹಾಕುತ್ತದೆ. ಮೈಕ್ರೊಸಾಫ್ಟ್ 1999ರಲ್ಲಿ ತಂದ ಇಂಟೆಲಿಮೌಸ್ ಎಕ್ಸ್‌ಪ್ಲೋರರ್ ಈ ವಿಧಾನವನ್ನು ಜನಪ್ರಿಯಗೊಳಿಸಿ, ಧೂಳು ತುಂಬಿಕೊಳ್ಳುತ್ತಿದ್ದ ರಬ್ಬರ್ ಗುಂಡಿನ ಮೌಸನ್ನು ಮೂಲೆಗೆ ಸರಿಸಿತು. ಲೇಸರ್ ಬೆಳಕಿನ ಮೌಸ್ 2004ರಲ್ಲಿ ಬಂದಿತು.

ಗಾಜಿನ ಮೇಜು, ಹೊಳಪಿನ ಸನ್‌ಮೈಕ, ಪಾಲಿಶ್ ಮಾಡಿದ ಗ್ರಾನೈಟ್‌ನಂಥ ಮೇಲ್ಮೈಗಳಲ್ಲಿ ಕ್ಯಾಮೆರಾಕ್ಕೆ ಗುರುತು ಹಿಡಿಯಲು ಸಾಕಷ್ಟು ಒರಟುತನ ಸಿಗದೆ ಸಾಮಾನ್ಯ ಸೆನ್ಸರ್ ಎಡವುತ್ತದೆ. ಗಾಜಿನ ಮೇಲೂ ನಡೆಯುವ ಸೆನ್ಸರ್‌ಗಳಿವೆ, ಬೆಲೆ ಹೆಚ್ಚು. ಮೌಸ್‌ಪ್ಯಾಡ್ ಅಥವಾ ಒಂದು ಬಿಳಿ ಹಾಳೆ ಅದೇ ಕೆಲಸವನ್ನು ಅಗ್ಗದಲ್ಲಿ ಪೂರೈಸುತ್ತದೆ.

ಮೌಸ್ ಒಂದು ಇಂಚು ಸರಿದಾಗ ಎಷ್ಟು ಹೆಜ್ಜೆಗಳನ್ನು ಎಣಿಸುತ್ತದೆ ಎಂಬುದನ್ನು ಡಿಪಿಐ ಸೂಚಿಸುತ್ತದೆ. ವೇಗವರ್ಧನೆ ಇಲ್ಲದಿದ್ದರೆ, 1000 ಡಿಪಿಐ ಮೌಸನ್ನು ಸುಮಾರು ಎರಡು ಇಂಚು ಸರಿಸಿದಾಗ ಬಾಣವು 1920 ಪಿಕ್ಸೆಲ್ ಅಗಲದ ಪರದೆಯನ್ನು ದಾಟುತ್ತದೆ. 4000 ಡಿಪಿಐ ಆದರೆ ಅರ್ಧ ಇಂಚು ಸಾಕು. ಅಷ್ಟು ಚುರುಕಾದ ಬಾಣವನ್ನು ಸಣ್ಣ ಗುಂಡಿಯ ಮೇಲೆ ನಿಲ್ಲಿಸುವುದೇ ಕಷ್ಟ. ಕಚೇರಿ ಕೆಲಸಕ್ಕೆ 800ರಿಂದ 1600 ಡಿಪಿಐ ಧಾರಾಳ. ಸೆಕೆಂಡಿಗೆ ಎಷ್ಟು ಬಾರಿ ವರದಿ ಮಾಡುತ್ತದೆ ಎಂಬ ಅಂಕಿಯೂ ಹೀಗೆಯೇ: 125 ಬಾರಿ ಎಂದರೆ 8 ಮಿಲಿಸೆಕೆಂಡಿಗೊಮ್ಮೆ, ದಿನಬಳಕೆಗೆ ಅಷ್ಟು ಸಾಕು. 1000 ಬಾರಿಯ ಅಗತ್ಯ ವೇಗದ ಆಟಗಳನ್ನು ಆಡುವವರಿಗೆ.

ಆಕಾರ ಮತ್ತು ಕೈ

ಚೀಲದಲ್ಲಿ ಹಿಡಿಸಲೆಂದು ಮಾಡಿದ ಸುಮಾರು 10 ಸೆಂಟಿಮೀಟರ್ ಉದ್ದದ ಮೌಸ್ ಪ್ರಯಾಣಕ್ಕೆ ಸರಿ. ದಿನವಿಡೀ ಅದನ್ನೇ ಹಿಡಿದರೆ ಅಂಗೈಗೆ ಆಸರೆ ಸಿಗದೆ ಬೆರಳುಗಳು ಸೋಲುತ್ತವೆ. 11ರಿಂದ 12.5 ಸೆಂಟಿಮೀಟರ್ ಉದ್ದದ, ಬೆನ್ನು ಉಬ್ಬಿದ ಮಾದರಿಯಲ್ಲಿ ಅಂಗೈ ಪೂರ್ತಿ ಊರುತ್ತದೆ. ಹಸ್ತಲಾಘವದ ಭಂಗಿಯಲ್ಲಿ ಹಿಡಿಯುವ ಲಂಬ ಮೌಸ್ ಮುಂಗೈಯ ತಿರುಚುವಿಕೆಯನ್ನು ತಗ್ಗಿಸುತ್ತದೆ. ಹೆಬ್ಬೆರಳಿಗೆ ಒತ್ತಾಸೆಯಿರುವ ಮಾದರಿಗಳಲ್ಲಿ ಹೆಚ್ಚಿನವು ಬಲಗೈಯವರಿಗೆಂದೇ ಆದವು. ಎಡಚರು ಎರಡೂ ಬದಿ ಸಮಾನವಿರುವುದನ್ನು ಆರಿಸಬೇಕು. ಗ್ರಂಥಾಲಯ, ಸಭೆ, ಮಗು ಮಲಗಿರುವ ಕೋಣೆಗಳಲ್ಲಿ ಸದ್ದಿಲ್ಲದ ಕ್ಲಿಕ್ಕಿನ ಮೌಸ್ ಅನುಕೂಲ.

ವಿದ್ಯುತ್ ಮೂಲ

ಒಂದು ಪೆನ್ಸಿಲ್ ಸೆಲ್ ಹಾಕುವ ಕಚೇರಿ ಮೌಸ್ ಸಾಮಾನ್ಯವಾಗಿ ತಿಂಗಳುಗಟ್ಟಲೆ ಓಡುತ್ತದೆ. ಸೆಲ್ ಮುಗಿದರೆ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಬಹುಕಾಲ ಬಳಸದೆ ಇಟ್ಟರೆ ಕ್ಷಾರೀಯ ಸೆಲ್ ಸೋರಿ ಲೋಹದ ಪಟ್ಟಿಗಳನ್ನು ತಿನ್ನುವುದುಂಟು, ಆಗ ಅದನ್ನು ತೆಗೆದಿಡುವುದು ಒಳ್ಳೆಯದು. ಒಳಗೇ ಲಿಥಿಯಂ ಬ್ಯಾಟರಿಯಿರುವ ಮೌಸ್‌ಗಳನ್ನು ಯುಎಸ್‌ಬಿ ಕೇಬಲಿನಿಂದ ಚಾರ್ಜ್ ಮಾಡಬಹುದು. ಚಾರ್ಜ್ ಆಗುತ್ತಿರುವಾಗಲೂ ಬಳಸಲು ಬರುತ್ತದೆಯೇ ಎಂದು ನೋಡಿಕೊಳ್ಳಬೇಕು: ಆಪಲ್ 2015ರಲ್ಲಿ ತಂದ ಮ್ಯಾಜಿಕ್ ಮೌಸ್ 2ರ ಚಾರ್ಜಿಂಗ್ ಕಿಂಡಿ ಅಡಿಭಾಗದಲ್ಲಿದ್ದು, ಚಾರ್ಜ್ ಮಾಡುವಾಗ ಮೌಸ್ ಬಳಸಲಾಗದು.

ಬಾಳಿಕೆ ಮತ್ತು ವಿಲೇವಾರಿ

ಮೊದಲು ಕೆಡುವುದು ಹೆಚ್ಚಾಗಿ ಎಡಗುಂಡಿಯ ಸ್ವಿಚ್. ಒಳಗಿನ ಲೋಹದ ಸಂಪರ್ಕ ಸವೆದಾಗ ಒಮ್ಮೆ ಒತ್ತಿದರೆ ಎರಡು ಬಾರಿ ಒತ್ತಿದಂತಾಗುತ್ತದೆ. ಇ-ತ್ಯಾಜ್ಯ ನಿರ್ವಹಣಾ ನಿಯಮಗಳು ಭಾರತದಲ್ಲಿ 2023ರ ಏಪ್ರಿಲ್ 1ರಿಂದ ಹೊಸ ರೂಪದಲ್ಲಿ ಜಾರಿಯಲ್ಲಿವೆ. ಕೆಟ್ಟ ಮೌಸನ್ನು, ಅದರಲ್ಲೂ ಲಿಥಿಯಂ ಬ್ಯಾಟರಿಯಿರುವುದನ್ನು, ಮನೆಯ ಕಸಕ್ಕೆ ಹಾಕದೆ ಅಧಿಕೃತ ಇ-ತ್ಯಾಜ್ಯ ಸಂಗ್ರಹಕರಿಗೆ ಒಪ್ಪಿಸಬೇಕು.

ಆಯ್ಕೆಯ ಕ್ರಮ

ಲ್ಯಾಪ್‌ಟಾಪಿನಲ್ಲಿ ಬಿಡುವಿರುವ ಕಿಂಡಿ ಯಾವುದೆಂದು ಮೊದಲು ನೋಡಿ ಸಂಪರ್ಕದ ಬಗೆ ನಿರ್ಧರಿಸಬೇಕು. ಸಾಧ್ಯವಾದರೆ ಅಂಗಡಿಯಲ್ಲೇ ಮೌಸನ್ನು ಹಿಡಿದು, ಎರಡೂ ಗುಂಡಿ ಒತ್ತಿ, ಚಕ್ರ ತಿರುಗಿಸಿ ನೋಡಬೇಕು. ಬಳಿಕ ಸೆಲ್ಲೋ ಚಾರ್ಜೋ ಎಂಬುದು ತೀರ್ಮಾನವಾಗಲಿ. ಪುಟ್ಟ ಮೌಸ್ ಚೀಲಕ್ಕೆ, ಪೂರ್ಣ ಗಾತ್ರದ್ದು ಮೇಜಿಗೆ. ಇವಿಷ್ಟೂ ಹೊಂದಿದ ಮೇಲೆ ಹೆಚ್ಚಿನ ಡಿಪಿಐಗಾಗಿ ಹೆಚ್ಚು ಹಣ ತೆರುವ ಅಗತ್ಯ ಸಾಮಾನ್ಯ ಬಳಕೆದಾರರಿಗಿಲ್ಲ.