ವಿಜಯನಗರದ ಕಲ್ಲುಸೇತುವೆ

ಕಡಲಿಗೇ ಸೇತುವೆ ಕಟ್ಟಿದ ಕಪಿವೀರರ ಕಿಷ್ಕಿಂಧೆಯೆಂದು ಜನರು ನಂಬಿರುವುದು ಹಂಪೆಯ ಎದುರುದಡದ ಆನೆಗೊಂದಿಯ ಸೀಮೆಯನ್ನು. ಆ ದಡಕ್ಕೂ ಈ ದಡಕ್ಕೂ ನಡುವೆ ಹರಿಯುವ ತುಂಗಭದ್ರೆಯನ್ನು ದಾಟುವ ಪ್ರಶ್ನೆಯಾದರೋ ನಮ್ಮ ಕಾಲದವರೆಗೂ ಜನರನ್ನು ಕಾಡಿದೆ. ಇದರ ಕಥೆಯನ್ನು ನಾವು ಈಗ ಸ್ವಲ್ಪ ವಿಚಾರಿಸೋಣ.

ಯಶವಂತನಗರ, ಸಂಡೂರುಗಳ ಕಡೆಯಿಂದ ಹೊಸಪೇಟೆಯ ಮಾರ್ಗವಾಗಿ ಹಂಪೆಗೆ ಬಂದವರು ವಿಠ್ಠಲ ದೇವಾಲಯವನ್ನು ನೋಡಿಕೊಂಡು ಪುರಂದರ ಮಂಟಪದ ಬಳಿ ನದಿಗಿಳಿದರೆ, ನೀರಿನಲ್ಲಿ ಸಾಲಾಗಿ ನಿಂತ ಕಲ್ಲುಕಂಬಗಳು ಕಣ್ಣಿಗೆ ಬೀಳುತ್ತವೆ. ವಿಜಯನಗರದ ಸೇತುವೆಯಲ್ಲಿ ಉಳಿದಿರುವುದು ಇಷ್ಟೇ. ಇದರಲ್ಲಿ ಕಮಾನುಗಳಿಲ್ಲ. ನದಿಯ ಬಂಡೆನೆಲದಲ್ಲಿ ಒರಟಾದ ಏಕಶಿಲೆಯ ಕಂಬಗಳನ್ನು ನಿಲ್ಲಿಸಿ, ಅವುಗಳ ಮೇಲೆ ಅಡ್ಡತೊಲೆಗಳನ್ನು ಹೊರಿಸಿದ್ದರು. ಶ್ರೀರಂಗಪಟ್ಟಣದಲ್ಲಿ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ, ಮುಗಿದ ವೆಲ್ಲೆಸ್ಲಿ ಸೇತುವೆಯೂ ಹೀಗೆಯೇ ಕಲ್ಲುಕಂಬಗಳ ಮೇಲೆ ನಿಂತದ್ದು. ಕಲ್ಲು ಸಮೃದ್ಧವಾಗಿರುವ ನಾಡಿಗೆ ಈ ಕ್ರಮ ಸಹಜವಾದುದು.

ಆದರೆ ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ಇಲ್ಲಿಗೆ ಬಂದ ಪೋರ್ತುಗೀಸ ಪ್ರವಾಸಿ ಡೊಮಿಂಗೊ ಪಾಯೆಸನು ಆನೆಗೊಂದಿಗೆ ದಾಟುವ ಸಾಧನವೆಂದು ವರ್ಣಿಸುವುದು ಹರಿಗೋಲನ್ನು. ಒಳಗೆ ಬೆತ್ತ, ಹೊರಗೆ ತೊಗಲು. ಬುಟ್ಟಿಯಂತೆ ದುಂಡಾದ ಆಕಾರ. ಹದಿನೈದು ಇಪ್ಪತ್ತು ಜನರನ್ನು ಹೊತ್ತು, ಸುತ್ತುತ್ತ ಸುತ್ತುತ್ತ ಸಾಗುವ ದೋಣಿ. ಕುದುರೆ, ಎತ್ತುಗಳು ಬಹುಮಟ್ಟಿಗೆ ಈಜಿಯೇ ದಾಟುತ್ತಿದ್ದುವಂತೆ. ಅಷ್ಟು ದೊಡ್ಡ ರಾಜಧಾನಿಯ ಪ್ರಜೆಗಳು ಕೂಡ ಬುಟ್ಟಿದೋಣಿಯನ್ನು ನಂಬಿ ಬಾಳಿದರೆಂಬುದನ್ನು ನಾವು ಗಮನಿಸಬೇಕು. ಮಳೆಗಾಲದ ಪ್ರವಾಹಕ್ಕೆ ಕಂಬಗಳೇ ಮುಳುಗುವ ಹೊಳೆ ಇದು.

ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ತಳವಾರಘಟ್ಟದಿಂದ ಆನೆಗೊಂದಿಗೆ ಹೊಸ ಸೇತುವೆಯ ಕೆಲಸ ನಡೆಯಿತು. 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ್ದ ಹಂಪೆಯನ್ನು ಯುನೆಸ್ಕೊ ಸಂಸ್ಥೆಯು 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. ಈ ಸೇತುವೆಯೂ ಅದಕ್ಕೆ ಕಾರಣವಾಯಿತು. ಕೆಲಸ ನಿಂತಿತು. 2006ರಲ್ಲಿ ಹಂಪೆ ಆ ಪಟ್ಟಿಯಿಂದ ಹೊರಬಂದಿತು. ಸೇತುವೆಯ ಕೆಲಸವೂ ಮತ್ತೆ ಮೊದಲಾಯಿತು. 2009ರ ಜನವರಿಯಲ್ಲಿ ಅರ್ಧ ಕಟ್ಟಿದ ಆ ಸೇತುವೆ ಕುಸಿದು ಹಲವು ಕೆಲಸಗಾರರು ಪ್ರಾಣ ಕಳೆದುಕೊಂಡರು. ಆಮೇಲೆ ಹೊಳೆಯ ಕೆಳಗಡೆ, ಬುಕ್ಕಸಾಗರಕ್ಕೂ ಕಡೆಬಾಗಿಲಿಗೂ ನಡುವೆ, ಬೇರೊಂದು ಸೇತುವೆ ಎದ್ದಿತು.

ಇದರಲ್ಲಿ ಎರಡು ನ್ಯಾಯಗಳಿದ್ದುವು. ಪ್ರಾಚೀನ ನಗರದ ನಡುವೆ ಭಾರದ ಗಾಡಿಗಳು ಓಡಬಾರದೆಂಬುದು ಒಂದು. ಆಸ್ಪತ್ರೆಗೆ, ಪಾಠಶಾಲೆಗೆ, ಸಂತೆಗೆ ಹೋಗಬೇಕಾದವರು ಹೊಳೆಯ ದಯೆಯನ್ನು ಕಾಯುತ್ತ ಕೂರಬಾರದೆಂಬುದು ಇನ್ನೊಂದು. ಸ್ಥಳವನ್ನು ಮೊದಲೇ ಆಲೋಚಿಸಿ ಆರಿಸಿದ್ದರೆ ಈ ಎರಡಕ್ಕೂ ವಿರೋಧವೇ ಹುಟ್ಟುತ್ತಿರಲಿಲ್ಲವೆಂಬುದು ನಮ್ಮ ಅಭಿಪ್ರಾಯ. ಮುಂದೊಮ್ಮೆ ಆ ಕಲ್ಲುಕಂಬಗಳನ್ನು ನೋಡಿದಾಗ, ಅವುಗಳನ್ನು ನಿಲ್ಲಿಸಿದ ಹೆಸರಿಲ್ಲದ ಕೈಗಳನ್ನೂ, 2009ರಲ್ಲಿ ಅದೇ ನೀರಿನ ಬಳಿ ಮಡಿದವರನ್ನೂ ನಾವು ಒಟ್ಟಿಗೆ ನೆನೆಯೋಣ.