ಚಂದ್ರಿಕೆ ಬೇಲಿಯಿಂದ ಬಲೆ ಬೇಲಿಗೆ

ಕೂಸು ಅಂಬೆಗಾಲು ಹಾಕಕ್ಕೆ ಶುರು ಮಾಡ್ತು ಅಂದ್ರೆ ಹಟ್ಟಿ ಹೆಂಗಸಿಗೆ ಎರಡು ಕಣ್ಣು ಸಾಲ್ದು ಕನ್ರವ್ವ. ಒಲೆ ಮೇಲೆ ಎಸರು ಕುದೀತಿರ್ತದೆ, ಹಿತ್ಲಲ್ಲಿ ನೀರಿನ ಡ್ರಮ್ಮು, ಗೋಡೆ ಬುಡದಲ್ಲಿ ಕರೆಂಟಿನ ಪ್ಲಗ್ಗು. ಆರು ತಿಂಗಳಿಂದ ಮೂರು ವರ್ಷದ ತನಕ ಈ ಕಾಟ ತಪ್ಪಿದ್ದಲ್ಲ. ಈಗ ಅದಕ್ಕೊಂದು ಸಾಮಾನು ಬಂದದೆ, ಪ್ಲೇಪೆನ್ ಅಂತಾರೆ. ನಾಕು ಕಡೆ ಬಲೆ, ತಳಕ್ಕೆ ತೆಳ್ಳನೆ ಹಾಸು. ಬೇಕಾದಾಗ ಬಿಚ್ಚಿ ನಿಲ್ಲಿಸೋದು, ಬೇಡದಾಗ ಮಡಚಿ ಚೀಲಕ್ಕೆ ಹಾಕೋದು. ನಮ್ಮ ಸೊಸೆ ಒಂದು ತಂದು ನಡುಮನೇಲಿ ನಿಲ್ಲಿಸಿದ್ಲು. ನೋಡಕ್ಕೆ ಬಂದೋರೆಲ್ಲ, "ಇದೇನವ್ವಾ, ಕೂಸ್ನ ಕೋಳಿ ತರ ಕೂಡಾಕ್ಬುಟ್ಟಿದ್ದೀರಿ?" ಅಂದ್ರು. ನಮ್ಮ ನಾದಿನಿ ಅಂತೂ, "ನಾವೇನು ಬೇಲಿ ಹಾಕಿ ಮಕ್ಕಳ್ನ ಸಾಕಿದ್ವಾ?" ಅಂತ ಸೊಸೆ ಮುಂದೇನೇ ಕೇಳಿದ್ಲು.

ಹಾಕೇ ಸಾಕಿದ್ವಿ. ಹೆಸ್ರು ಬೇರೆ ಇತ್ತು ಅಷ್ಟೆ. ಅದನ್ನ ಒಸಿ ಜ್ಞಾಪಿಸಾನ ಅಂತ ಬರೀತಿದ್ದೀನಿ.

ನಮ್ಮಜ್ಜಿ ಮಕ್ಕಳ್ನ ಹೆತ್ತಾಗ ಕೊಳ್ಳೇಗಾಲ ಇನ್ನೂ ಮದರಾಸಿನ ಕೊಯಮತ್ತೂರು ಜಿಲ್ಲೇಲಿತ್ತು. 1956ರ ನವೆಂಬರ್ 1ಕ್ಕೆ ನಾವು ಮೈಸೂರು ಕಡೆಗೆ ಸೇರಿದ್ದು. ಆ ಕಾಲದ ಮೊದಲನೇ ಬೇಲಿ ಅಂದ್ರೆ ಸೀರೆ ಜೋಲಿ. ಹಟ್ಟೀಲಿ ತೊಲೆಗೆ, ಹೊಲದಲ್ಲಿ ಮರದ ಕೊಂಬೆಗೆ ಕಟ್ಟಿ ಕೂಸ್ನ ಮಲಗಿಸೋರು. ಇರುವೆ, ಚೇಳು, ಹಾವು ನೆಲದಲ್ಲಿ, ಕೂಸು ಮೇಲೆ. ಕೂಸು ಎದ್ದು ಕೂತ್ಕಳಕ್ಕೆ ಕಲೀತು ಅಂದ್ರೆ ಜೋಲಿ ಕೆಲಸ ಮುಗೀತು, ಆಮೇಲೆ ಅದರಿಂದಲೇ ಬೀಳೋ ಭಯ.

ಅಲ್ಲಿಂದ ಮುಂದಕ್ಕೆ ಹೊಸ್ಲು ಹಲಗೆ. ಬಾಗ್ಲಿಗೆ ಅಡ್ಡ ಮೊಣಕಾಲುದ್ದ ಹಲಗೆ ಇಟ್ರೆ ಕೂಸು ಒಳಗೆ, ಕೋಳಿ ನಾಯಿ ಹೊರಗೆ. ಹಲಗೆ ಇಲ್ದೋರು ಮಂಕ್ರಿ ಬೋರಲಾಕಿ ಕಲ್ಲು ಹೇರೋರು. ರಾಗಿ ಬೀಸುವಾಗ ಕೂಸಿನ ಸೊಂಟಕ್ಕೆ ಹಳೇ ಸೀರೆ ಸೆರಗು ಕಟ್ಟಿ, ಆ ತುದೀನ ಕಂಬಕ್ಕೆ ಕಟ್ಟೋರು. ಕೇಳಕ್ಕೆ ಕಠಿಣ ಅನ್ನಿಸ್ತದೆ, ಆದ್ರೆ ಒಲೆ ಎಷ್ಟು ದೂರ ಅಂತ ಅಳೆದೇ ಕಟ್ಟೋರು. ಕಾಲಿಗೆ ಹಾಕೋ ಗೆಜ್ಜೆ ಇದೆಯಲ್ಲ, ಅದೂ ಚೆಂದಕ್ಕೊಂದೇ ಹಾಕ್ತಿದ್ದದ್ದಲ್ಲ. ಗೆಜ್ಜೆ ಸದ್ದು ಹಿತ್ಲ ಕಡೆ ಹೋಯ್ತು ಅಂದ್ರೆ ಅವ್ವ ಎದ್ದೋಡೋಳು. ಸದ್ದು ನಿಂತೋಯ್ತು ಅಂದ್ರೆ ಇನ್ನೂ ಬೇಗ ಓಡೋಳು.

ಕೊಳ್ಳೇಗಾಲದ ಸೀಮೆ ರೇಷ್ಮೆ ಸೀಮೆ ಅಲ್ವ? ಹಿಪ್ಪುನೇರಳೆ ಬೆಳೆದು ಹುಳ ಸಾಕೋ ಹಟ್ಟೀಲೆಲ್ಲ ಚಂದ್ರಿಕೆ ಇರ್ತಿದ್ವು. ಹಣ್ಣಾದ ಹುಳ ಗೂಡು ಕಟ್ಟಕ್ಕೆ ಬಿಡೋ ಬಿದಿರಿನ ದೊಡ್ಡ ತಟ್ಟಿ, ಹೆಚ್ಚು ಕಮ್ಮಿ ಆರಡಿ ಉದ್ದ, ನಾಕಡಿ ಅಗಲ. ಗೂಡು ಬಿಡಿಸಿದ ಮೇಲೆ ಅವು ಗೋಡೆಗೆ ಒರಗಿ ಸುಮ್ಮನೆ ನಿಂತಿರ್ತಿದ್ವು. ನಮ್ಮತ್ತೆಮ್ಮ ಎರಡು ಹಳೇ ಚಂದ್ರಿಕೆ ತಂದು, ಗೋಡೆ ಮೂಲೆಗೆ ಎದುರಾಗಿ ಅಡ್ಡಡ್ಡ ನಿಲ್ಲಿಸಿ, ಸೇರೋ ಕಡೆ ಹಗ್ಗ ಬಿಗಿದು ಒಳಗೆ ನನ್ನ ಮಗನ್ನ ಬಿಡೋರು. ಗಾಳಿ ಆಡ್ತಿತ್ತು, ಕೂಸಿಗೆ ನಾವು ಕಾಣ್ತಿದ್ವಿ, ಹುಳ ಮತ್ತೆ ಹಣ್ಣಾಗೋ ಹೊತ್ತಿಗೆ ಬಿಚ್ಚಿ ಎತ್ತಿಡಬೋದಿತ್ತು. ಇವತ್ತು ಸೊಸೆ ತಂದಿರೋ ಸಾಮಾನಿಗೂ ಇದಕ್ಕೂ ಏನು ವ್ಯತ್ಯಾಸ ಹೇಳಿ? ಅವತ್ತು ಅದರೊಳಗೆ ಕೂತು ಆಡಿದ ಹುಡುಗನೇ ಈಗ ಈ ಕೂಸಿನಪ್ಪ.

ವ್ಯತ್ಯಾಸ ಬೇಲೀಲಿ ಇಲ್ಲ, ಬೇಲಿ ಸುತ್ತ ಇದ್ದ ಜನದಲ್ಲದೆ. ಅವತ್ತು ಚಂದ್ರಿಕೆ ಆಚೆ ಅತ್ತೆಮ್ಮ ಸೊಪ್ಪು ಸೋಸ್ತಿದ್ರು, ಓರಗಿತ್ತಿ ಒಲೆ ಮುಂದೆ, ಮಾವ ಜಗ್ಲಿ ಮೇಲೆ. ಬೇಲಿ ಸಡಿಲಾದ್ರೂ ಒಂದು ಕಣ್ಣು ಇದ್ದೇ ಇರ್ತಿತ್ತು. ಈಗ ಹೂಗ್ಯಂ, ರಾಮಾಪುರ, ಹನೂರು ಯಾವ ಕಡೆ ನೋಡಿದ್ರೂ ಗಂಡು ಮಕ್ಕಳು ಬೆಂಗಳೂರಿಗೋ ತಮಿಳ್ನಾಡಿಗೋ ಕೂಲಿಗೆ ಹೋಗವ್ರೆ. ಎಷ್ಟೋ ಹಟ್ಟೀಲಿ ಅವ್ವ ಕೂಸು ಇಬ್ಬರೇ. ಊರಾಚೆ ಬಾಡಿಗೆ ಮನೆ ಮಾಡಿದೋರಿಗೆ ಪಕ್ಕದ್ಮನೆ ಹೆಸ್ರೂ ಗೊತ್ತಿರಲ್ಲ. ಆ ಒಬ್ಬಳು ಅನ್ನ ಬಸಿಯೋ ಐದು ನಿಮಿಷ ಕೂಸ್ನ ಎಲ್ಲಿ ಬಿಡ್ಬೇಕು?

ಈ ಪ್ರಶ್ನೆ ನಮಗೊಬ್ಬರಿಗೇ ಬಂದದ್ದಲ್ಲ. ಇಂಗ್ಲೆಂಡಿನಲ್ಲಿ ಮನೆ ಒಳಗೇ ಬೆಂಕಿ ಉರಿಸ್ಕಂಡು ಚಳಿ ಕಾಯ್ಸೋರು, ಮಕ್ಕಳು ಅದಕ್ಕೆ ಬಿದ್ದು ಸುಟ್ಟೋಗವು. 1908ರ ಮಕ್ಕಳ ಕಾಯ್ದೇಲಿ, ಒಲೆಗೆ ತಡೆ ಇಡ್ದೆ ಏಳು ವರ್ಷದೊಳಗಿನ ಮಗು ಸುಟ್ಟು ಸತ್ರೆ ಅಥವಾ ತೀರಾ ಗಾಯ ಆದ್ರೆ ಹೆತ್ತೋರಿಗೆ ದಂಡ ಅಂತ ಮಾಡಿದ್ರು. ಅಂದ್ರೆ ಅಲ್ಲಿ ಬೆಂಕಿಗೇ ಬೇಲಿ ಹಾಕಿದ್ರು.

ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಅವರ ಹೆಂಡ್ತಿ ಎಲೀನರ್ ಇದ್ರಲ್ಲ, ಅವರ ಮಗಳು ಅನ್ನಾ ಹುಟ್ಟಿದ್ದು 1906ರಲ್ಲಿ. ಕೂಸಿಗೆ ಗಾಳಿ ಬೆಳಕು ಬೇಕು ಅಂತ ನ್ಯೂಯಾರ್ಕಿನ ಮನೆ ಕಿಟಕಿ ಆಚೆ ತಂತಿಬಲೆ ಪೆಟ್ಟಿಗೆ ಕಟ್ಟಿ, ಅದರಲ್ಲಿ ಮಲಗಿಸೋರು. ಕೂಸು ಅಳೋದ ಕೇಳಿ ಪಕ್ಕದ್ಮನೆಯಾಕೆ, ಮಕ್ಕಳ ಹಿಂಸೆ ತಡೆಯೋ ಸಂಘಕ್ಕೆ ದೂರು ಕೊಡ್ತೀನಿ ಅಂದ್ಲಂತೆ. ಇದನ್ನ ಎಲೀನರ್ ಅವರೇ ತಮ್ಮ ಕಥೇಲಿ ಬರೆದವ್ರೆ. ಬೈಯಕ್ಕೆ ಪಕ್ಕದ್ಮನೆಯೋರು ಎಲ್ಲಾ ದೇಶದಲ್ಲೂ ಅವ್ರೆ ನೋಡಿ.

ಈಗ ನಾವು ನೋಡ್ತಿರೋ ಮಡಚೋ ಬಗೆ ಹೆಸ್ರಾದದ್ದು 1987ರಲ್ಲಿ ಗ್ರಾಕೊ ಅನ್ನೋ ಅಮೆರಿಕದ ಕಂಪನಿ 'ಪ್ಯಾಕ್ ಅಂಡ್ ಪ್ಲೇ' ಅಂತ ಮಾಡಿ ಮಾರಿದ ಮೇಲೆ. ಮಡಚೋದ್ರಿಂದ ಅನುಕೂಲನೂ ಬಂತು, ಅಪಾಯನೂ ಬಂತು. 1998ರಲ್ಲಿ ಶಿಕಾಗೋದಲ್ಲಿ, ಬೇರೊಂದು ಕಂಪನಿಯ ಮಡಚೋ ತೊಟ್ಲು ತಾನಾಗೇ ಮಡಚ್ಕಂಡು ಒಂದು ಕೂಸು ಕತ್ತು ಸಿಕ್ಕಿ ಸತ್ತೋಯ್ತು. ಆ ತೊಟ್ಲನ್ನ ಐದು ವರ್ಷ ಮುಂಚೇನೇ ವಾಪಸ್ ಕರೆದಿದ್ರು, ಆದ್ರೆ ಕೂಸ್ನ ನೋಡ್ಕತಿದ್ದ ಮನೆಯೋರಿಗೆ ಗೊತ್ತಿರ್ಲಿಲ್ಲ. ಅವ್ವ ಅಪ್ಪ ಸುಮ್ಮನೆ ಕೂರದೆ ಹೋರಾಡಿದ್ರಿಂದ 2008ರ ಕಾನೂನಿನಲ್ಲಿ ಒಂದು ಭಾಗಕ್ಕೆ ಆ ಕೂಸಿನ ಹೆಸ್ರೇ ಇಟ್ರು. ಇಂಥ ಸಾಮಾನು ಪರೀಕ್ಷೆ ಆಗ್ದೆ ಮಾರಂಗಿಲ್ಲ ಅಂತ ಆಯ್ತು.

ನಮ್ಮ ದೇಶದಲ್ಲಿ ಬೇಲಿಗಿಂತ ಕಣ್ಣಿನ ಯೋಚನೆ ಮೊದಲು ಮಾಡಿದ್ರು. 1969ರಲ್ಲಿ ಡೆಲ್ಲಿ ರಾಜಘಾಟಲ್ಲಿ ಗಾಂಧಿ ಶತಮಾನೋತ್ಸವದ ಪ್ರದರ್ಶನಕ್ಕೆ ಕಟ್ಟಡ ಏಳ್ತಿತ್ತು. ಕೂಲಿ ಹೆಂಗಸರ ಕೂಸುಗಳು ಧೂಳಲ್ಲಿ ಬಿದ್ದಿದ್ದನ್ನ ನೋಡಿ ಮೀರಾ ಮಹಾದೇವನ್ ಅನ್ನೋರು ಅಲ್ಲೇ ಕೂಸುಗಳ್ನ ನೋಡ್ಕಳಕ್ಕೆ ಜಾಗ ಮಾಡಿದ್ರು. ಅದೇ ಮೊಬೈಲ್ ಕ್ರೆಷಸ್ ಅಂತ ಬೆಳೀತು. 1975ರ ಅಕ್ಟೋಬರ್ 2ಕ್ಕೆ ಅಂಗನವಾಡಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಆರಿಸಿದ್ದು ನಮ್ಮ ಪಕ್ಕದ ಟಿ. ನರಸೀಪುರನೇ. ಆದ್ರೆ ಅಂಗನವಾಡೀಲಿ ದಿನಾ ಕೂರಿಸ್ಕಳೋದು ಮೂರು ವರ್ಷ ತುಂಬಿದ ಮೇಲೆ. ತೆವಳೋ ಕೂಸು, ಅಡ್ಡಾಡೋ ಕೂಸು ಹಟ್ಟೀಲೇ ಉಳೀತು.

ಬಾಂಗ್ಲಾದೇಶದ ಕಥೆ ಇಲ್ಲಿ ಹೇಳ್ಲೇಬೇಕು. ಅಲ್ಲಿ ಹಳ್ಳಿ ತುಂಬ ಕೊಳ, ಹೊಂಡ. ಅವ್ವ ಅಡುಗೇಲಿ ಇರೋ ಹೊತ್ತಿಗೇ ಮಕ್ಕಳು ನೀರಿಗೆ ಬೀಳವು. 2013ರಿಂದ ಅಲ್ಲಿ ಸಾವಿರಾರು ಮನೆಗೆ ಪ್ಲೇಪೆನ್ ಕೊಟ್ರು. ಊರೂರಲ್ಲಿ 'ಆಂಚಲ್' ಅಂತ ಕೂಸು ನೋಡ್ಕಳೋ ಮನೆ ತೆಗೆದ್ರು. ಆಂಚಲ್ ಅಂದ್ರೆ ಸೆರಗು. ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದರ ತನಕ, ಅವ್ವಂದಿರಿಗೆ ಕೈ ಬಿಡುವಿಲ್ಲದ ಹೊತ್ತು. ಆಮೇಲೆ ಲೆಕ್ಕ ಹಾಕಿ ನೋಡಿದ್ರೆ ಕೂಸುಗಳ್ನ ಚೆನ್ನಾಗಿ ಉಳಿಸಿದ್ದು ಆ ಸೆರಗೇ, ಬರೀ ಬೇಲಿ ಅಲ್ಲ. ನಮ್ಮ ಕಡೆ ಕೊಳ ಕಮ್ಮಿ ಅಂತ ನಿರಾಳ ಆಗಬ್ಯಾಡಿ. ನಲ್ಲಿ ನೀರು ದಿನಾ ಬರ್ದೆ ನಾವು ಡ್ರಮ್ಮು, ಬಕೀಟು ತುಂಬಿ ಮಡಗ್ತೀವಿ. ಬಕೀಟಿಗೆ ತಲೆಕೆಳಗಾಗಿ ಬಿದ್ದ ಕೂಸಿಗೆ ಗೇಣು ನೀರೂ ಬೇಕಿಲ್ಲ. ಸದ್ದೂ ಆಗಲ್ಲ.

ಕರ್ನಾಟಕ ಸರ್ಕಾರ 2023ರ ಬಜೆಟ್ಟಲ್ಲಿ ಗ್ರಾಮ ಪಂಚಾಯ್ತಿಗಳಲ್ಲಿ 4,000 'ಕೂಸಿನ ಮನೆ' ಅಂತ ಹೇಳ್ತು, ಉದ್ಯೋಗ ಖಾತ್ರಿ ಕೂಲಿ ಹೆಂಗಸರ ಮೂರು ವರ್ಷದೊಳಗಿನ ಕೂಸುಗಳಿಗೆ. ಹೆಸ್ರು ನಮ್ಮ ಬಾಯಿ ಮಾತೇ. ನಿಮ್ಮ ಪಂಚಾಯ್ತೀಲಿ ಅದೆಯಾ, ಬಾಗ್ಲು ತೆಗೀತದಾ ಅಂತ ಕೇಳಿ. ಬಲೆ ಬೇಲಿ ಕೊಳ್ಳೋ ಶಕ್ತಿ ಇಲ್ದೋರಿಗೆ ಅದು ಬಲು ಮುಖ್ಯ.

ಇನ್ನು ಬೇಲಿ ತಂದಿರೋ ಹುಡ್ಗೀರಿಗೆ ನಾಕು ಮಾತು. ಬಿಚ್ಚಿದ ಮೇಲೆ ನಾಕು ಕಡೆ ಬೀಗ ಕೂತಿದೆಯಾ ಅಂತ ಅದುಮಿ ನೋಡಿ. ಒಳಗೆ ದಿಂಬು, ದಪ್ಪ ಹಾಸು, ದೊಡ್ಡ ಗೊಂಬೆ ಹಾಕಬ್ಯಾಡಿ. ಒಂದು ಉಸಿರು ಕಟ್ಟಿಸ್ತದೆ, ಇನ್ನೊಂದು ಹತ್ತಕ್ಕೆ ಮೆಟ್ಲಾಗ್ತದೆ. ಒಲೆ, ಪ್ಲಗ್ಗು, ಇಳಿಬಿದ್ದ ಸೀರೆ, ಪರದೆ ಹಗ್ಗ ಕೈಗೆಟುಕಬಾರ್ದು. ಬಲೆ ಹರಿದ್ರೆ ಎತ್ತಿಟ್ಬುಡಿ. ಕೂಸು ಹತ್ತಿ ಇಳಿಯಕ್ಕೆ ನೋಡಿದ ದಿನವೇ ಅದರ ಕಾಲ ಮುಗೀತು. ಅದು ಅನ್ನ ಬಸಿಯೋ ಹೊತ್ತಿಗೆ, ಸ್ನಾನ ಮಾಡೋ ಹೊತ್ತಿಗೆ ಇರೋದು, ದಿನವಿಡೀ ಕೂರಿಸಕ್ಕಲ್ಲ. ಕಿವಿಗೆ ಕೇಳೋ ದೂರದಲ್ಲೇ ಇರಿ.

ಅತ್ತೆಯರು, ಅಕ್ಕಂದಿರು ನಾವೂ ಒಂದು ನಡೆಸಾನ. ಯಾರ ಹಟ್ಟೀಲಾದ್ರೂ ಬಲೆ ಬೇಲಿ ಕಂಡ್ರೆ "ಕೋಳಿ ಗೂಡು" ಅನ್ನೋಕೆ ಮುಂಚೆ, "ಕೊಡವ್ವ, ಒಂದು ಗಳಿಗೆ ನಾನು ಎತ್ಕತೀನಿ, ನೀನು ಉಣ್ಣು" ಅನ್ನಾನ. ನಿಮ್ಮಟ್ಟೀಲಿ ಯಾವ ಬೇಲಿ ಇತ್ತು, ಹಲಗೆಯಾ ಮಂಕ್ರಿಯಾ, ಹಿರೀಕರನ್ನ ಕೇಳಿ ನನಗೂ ಹೇಳಿ.